ನಾಗಾಲೋಟದ ಸವಾರರೂ ಅವರ ದೇಹಪ್ರಮಾಣವೂ

ಗರಡಿಯಲ್ಲಿ ಕುಸ್ತಿಗೆ ಜೋಡಿ ಗೊತ್ತುಮಾಡುವ ಹಿರಿಯರು ಮೊದಲು ಕಣ್ಣಳತೆಯಿಂದ ತೂಗಿ ನೋಡುವುದು ಇಬ್ಬರು ಪೈಲ್ವಾನರ ಮೈಭಾರವನ್ನು. ಮುಷ್ಟಿಯುದ್ಧದಲ್ಲಿಯೂ ಭಾರ ಎತ್ತುವ ಸ್ಪರ್ಧೆಯಲ್ಲಿಯೂ ತೂಕಕ್ಕೆ ಅನುಸಾರವಾಗಿ ವರ್ಗಗಳನ್ನು ಏರ್ಪಡಿಸಿ, ಹಗುರಾದವನು ಭಾರವಾದವನ ಕೈಗೆ ಸಿಕ್ಕು ನಲುಗದಂತೆ ನಿಯಮವೇ ಕಾಪಾಡುತ್ತದೆ. ಸೈಕಲ್ ಪಂದ್ಯವು ಹುಟ್ಟಿ ಒಂದೂವರೆ ಶತಮಾನ ಕಳೆದಿದ್ದರೂ ಅಲ್ಲಿ ಇಂತಹ ವರ್ಗೀಕರಣವು ತಲೆಯೆತ್ತಲಿಲ್ಲ. 165 ಸೆಂಟಿಮೀಟರು ಎತ್ತರದ ಆಸ್ಟ್ರೇಲಿಯದ ಕೇಲೆಬ್ ಯೂವನ್ನನೂ 188 ಸೆಂಟಿಮೀಟರು ಎತ್ತರದ ಜರ್ಮನಿಯ ಮಾರ್ಸೆಲ್ ಕಿಟ್ಟೆಲ್ಲನೂ ಒಂದೇ ಪಂದ್ಯದ ಹಂತಗಳನ್ನು, ಅದೂ ಟೂರ್ ದ ಫ್ರಾನ್ಸಿನಂತಹ ಮಹಾಪಂದ್ಯದ ಹಂತಗಳನ್ನು, ಗೆದ್ದುಕೊಂಡವರು. ಕೊನೆಯ ಇನ್ನೂರು ಮೀಟರುಗಳ ನಾಗಾಲೋಟದಲ್ಲಿ ಮೇಲುಗೈ ದೊಡ್ಡ ದೇಹಕ್ಕೋ ಚಿಕ್ಕ ದೇಹಕ್ಕೋ ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳು ಪರಸ್ಪರ ವಿರುದ್ಧವಾಗಿವೆ. ಈ ಉತ್ತರಗಳ ಇತಿಹಾಸವನ್ನು ಅನುಸರಿಸಿ ನಡೆದರೆ, ಯಾವ ದೇಹವು ಗೆಲ್ಲತಕ್ಕದ್ದೆಂಬುದನ್ನು ಪ್ರತಿಯೊಂದು ಯುಗದ ಯಂತ್ರವೂ, ಪಂದ್ಯ ನಡೆಯುವ ನೆಲವೂ, ನಿಯಮವನ್ನು ಬರೆದವರ ಲೇಖನಿಯೂ ಕೂಡಿ ತೀರ್ಮಾನಿಸುತ್ತ ಬಂದಿರುವುದು ಕಾಣುತ್ತದೆ.

ಪ್ಯಾರಿಸ್ ನಗರದ ಹೊರವಲಯದ ಸೇಂಟ್ ಕ್ಲೂ ಉದ್ಯಾನದಲ್ಲಿ 1868ರ ಮೇ 31ರಂದು ನಡೆದ ಪಂದ್ಯಗಳು, ದಾಖಲೆಗೆ ಬಂದ ಸೈಕಲ್ ಪಂದ್ಯಗಳಲ್ಲಿ ಆದಿಯವೆಂದು ಸಾಮಾನ್ಯವಾಗಿ ಎಣಿಸಲ್ಪಟ್ಟಿವೆ. ಅವುಗಳಲ್ಲೊಂದನ್ನು ಗೆದ್ದ ಜೇಮ್ಸ್ ಮೂರ್ ಎಂಬ ಆಂಗ್ಲ ತರುಣನು ಮರುವರ್ಷ ಪ್ಯಾರಿಸ್ಸಿನಿಂದ ರುವಾನ್‌ವರೆಗಿನ ದೀರ್ಘಪಂದ್ಯವನ್ನೂ ಗೆದ್ದನು. ಆಗಿನ ಗಾಡಿಗೆ ಚೈನೆಂಬುದಿರಲಿಲ್ಲ. ಪೆಡಲುಗಳು ಮುಂದಿನ ಗಾಲಿಯ ಅಚ್ಚಿಗೇ ನೇರವಾಗಿ ಜೋಡಿಸಲ್ಪಟ್ಟಿದ್ದುದರಿಂದ ಕಾಲು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು ತಿರುಗುತ್ತಿತ್ತು. ಹೆಚ್ಚು ವೇಗ ಬೇಕೆಂದವನಿಗೆ ಗಾಲಿಯನ್ನೇ ಹಿರಿದು ಮಾಡುವುದಲ್ಲದೆ ಬೇರೆ ಉಪಾಯವಿರಲಿಲ್ಲ. ಹೀಗೆ ಹಿರಿದಾಗುತ್ತ ಹೋದ ಮುಂಗಾಲಿಯು 1870ರ ದಶಕದಲ್ಲಿ ಆಳೆತ್ತರವನ್ನು ಮುಟ್ಟಿತು. ಹಿಂದೆ ಒಂದು ಪುಟ್ಟ ಗಾಲಿ ಉಳಿಯಿತು. ಆದರೆ ಗಾಲಿಯು ಎಷ್ಟು ದೊಡ್ಡದಾದರೂ ಸವಾರನ ಪಾದವು ಪೆಡಲಿನ ಕೆಳತುದಿಯನ್ನು ಎಟುಕಲೇಬೇಕಷ್ಟೆ! ಆದಕಾರಣ ಗಾಲಿಯ ಮಿತಿಯನ್ನು ಗೊತ್ತುಪಡಿಸಿದುದು ಕಮ್ಮಾರನ ಕೌಶಲವೂ ಅಲ್ಲ, ಉಕ್ಕಿನ ಬಲವೂ ಅಲ್ಲ. ಸವಾರನ ಕಾಲಿನ ಉದ್ದ.

ಲೆಕ್ಕವನ್ನು ಹಾಕಿ ನೋಡಿದರೆ ಇದರ ಪರಿಣಾಮವು ಎಷ್ಟು ನಿಷ್ಠುರವಾದುದೆಂಬುದು ತಿಳಿಯುತ್ತದೆ. 52 ಅಂಗುಲ ವ್ಯಾಸದ ಗಾಲಿಯು ಒಂದು ಸುತ್ತಿಗೆ ಸುಮಾರು 4.15 ಮೀಟರು ಸಾಗಿದರೆ, 60 ಅಂಗುಲದ ಗಾಲಿಯು ಸುಮಾರು 4.79 ಮೀಟರು ಸಾಗುತ್ತದೆ; ಒಂದು ಮೈಲಿಯ ಪಂದ್ಯವನ್ನು ಮುಗಿಸಲು ಮೊದಲನೆಯವನು 388 ಸಲ ತುಳಿಯಬೇಕಾದಲ್ಲಿ ಎರಡನೆಯವನಿಗೆ 336 ಸಲ ಸಾಕು. ಕಾಲು ಉದ್ದವಾಗಿ ಹುಟ್ಟಿದವನಿಗೆ ಪ್ರತಿಯೊಂದು ಮೈಲಿಯಲ್ಲಿಯೂ ಐವತ್ತೆರಡು ತುಳಿತಗಳ ಉಚಿತ ದಾನ! 1882ರಲ್ಲಿ ಒಂದು ಗಂಟೆಯೊಳಗೆ ಇಪ್ಪತ್ತು ಮೈಲಿ ಕ್ರಮಿಸಿದ ಮೊದಲಿಗನೆಂದು ಕೀರ್ತಿ ಪಡೆದ ಹರ್ಬರ್ಟ್ ಕಾರ್ಟಿಸ್ ಎಂಬ ಆಂಗ್ಲ ವೈದ್ಯವಿದ್ಯಾರ್ಥಿಯು ನೀಳಕಾಯನಾಗಿದ್ದುದು ಆಕಸ್ಮಿಕವಲ್ಲ. ಸೈಕಲ್ ಪಂದ್ಯದ ಇತಿಹಾಸದಲ್ಲಿ ದೇಹಪ್ರಮಾಣವು ಇಷ್ಟು ನೇರವಾಗಿ, ಇಷ್ಟು ನಿರ್ದಾಕ್ಷಿಣ್ಯವಾಗಿ ಫಲಿತಾಂಶವನ್ನು ಆಳಿದ ಕಾಲವು ಮತ್ತೊಂದಿಲ್ಲ.

ಈ ಅಧಿಕಾರವನ್ನು ಮುರಿದುದು ಒಂದು ಚೈನು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು ಕವೆಂಟ್ರಿಯಲ್ಲಿ ಸಿದ್ಧಪಡಿಸಿದ ರೋವರ್ ಸೈಕಲ್ಲಿನಲ್ಲಿ ಪೆಡಲುಗಳು ನಡುವಿಗೆ ಬಂದುವು. ಹಲ್ಲುಚಕ್ರವೂ ಚೈನೂ ಕೂಡಿ ಒಂದು ತುಳಿತಕ್ಕೆ ಹಿಂದಿನ ಗಾಲಿಯು ಎಷ್ಟು ಸುತ್ತು ತಿರುಗಬೇಕೆಂಬುದನ್ನು ಸವಾರನ ಇಚ್ಛೆಗೆ ಒಪ್ಪಿಸಿದುವು. ಮೂರು ವರ್ಷಗಳ ತರುವಾಯ ಡನ್‌ಲಪ್ಪನ ಗಾಳಿ ತುಂಬುವ ಟೈರು ಬಂದಿತು. ಆ ದಿನದಿಂದ ಉದ್ದಕಾಲಿನವನಿಗೂ ಗಿಡ್ಡಕಾಲಿನವನಿಗೂ ಒಂದೇ ಅಳತೆಯ ಗಾಲಿ. 1893ರಲ್ಲಿ ಷಿಕಾಗೋ ನಗರದಲ್ಲಿ ಸ್ಪ್ರಿಂಟ್ ಎಂಬ ಕಿರುದೂರದ ನಾಗಾಲೋಟದ ಮೊತ್ತಮೊದಲ ವಿಶ್ವಪ್ರಶಸ್ತಿಯನ್ನು ಗೆದ್ದ ಅಮೆರಿಕದ ಆರ್ಥರ್ ಝಿಮ್ಮರ್‌ಮನ್ ಕೃಶವಾದ ಮೈಯವನು. ಹಗುರವಾದ ಗೇರಿಟ್ಟುಕೊಂಡು ಕಾಲುಗಳನ್ನು ಅತಿಶೀಘ್ರವಾಗಿ ತಿರುಗಿಸುವುದೇ ಅವನ ವಿದ್ಯೆಯಾಗಿತ್ತು. ಬಲಕ್ಕಿಂತ ಚುರುಕಿಗೆ ಬೆಲೆ ಬಂದ ಕಾಲವದು.

ಆ ಕಾಲದ ಸವಾರರೊಳಗೆ ನನ್ನ ಮನಸ್ಸನ್ನು ಎಲ್ಲರಿಗಿಂತಲೂ ಹೆಚ್ಚಾಗಿ ಸೆಳೆದವನು ಮಾರ್ಷಲ್ ಟೇಲರ್. ಜನರು ಅವನನ್ನು ಮೇಜರ್ ಟೇಲರ್ ಎಂದು ಕರೆಯುತ್ತಿದ್ದರು. 1878ರಲ್ಲಿ ಇಂಡಿಯಾನಾಪೊಲಿಸ್ ನಗರದ ಕಪ್ಪು ಜನಾಂಗದ ಬಡಕುಟುಂಬದಲ್ಲಿ ಹುಟ್ಟಿದ ಈ ತರುಣನು, ತನ್ನ ಬಣ್ಣದ ಕಾರಣದಿಂದ ಅನೇಕ ಪಂದ್ಯಾಂಗಣಗಳ ಬಾಗಿಲು ಮುಚ್ಚಲ್ಪಟ್ಟಿದ್ದರೂ, ತನ್ನನ್ನು ನಡುವೆ ಸಿಕ್ಕಿಸಿ ಕೆಡವಲು ಬಿಳಿಯ ಸವಾರರು ಒಟ್ಟುಗೂಡಿ ಸಂಚುಹೂಡುತ್ತಿದ್ದರೂ, 1899ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಒಂದು ಮೈಲಿಯ ವಿಶ್ವಪ್ರಶಸ್ತಿಯನ್ನು ಗೆದ್ದನು. ಎತ್ತರದಲ್ಲಿ ಅವನು ಸಾಧಾರಣನು, ಮೈ ಹುರಿಗಟ್ಟಿದ್ದು. ಆದರೆ ಹ್ಯಾಂಡಲ್ಲನ್ನು ಮುಂದಕ್ಕೆ ಚಾಚುವ ಒಂದು ಲೋಹದ ತೋಳನ್ನು ಸೈಕಲ್ಲಿಗೆ ಅಳವಡಿಸಿಕೊಂಡು, ಬೆನ್ನನ್ನು ನೆಲಕ್ಕೆ ಸಮಾನಾಂತರವಾಗಿ ಬಾಗಿಸಿ ಸವಾರಿಮಾಡುವ ಕ್ರಮವನ್ನು ಅವನು ರೂಢಿಗೆ ತಂದನು. ಗಾಳಿಸುರಂಗಗಳಲ್ಲಿ ಸವಾರರನ್ನು ಕೂರಿಸಿ ಅಳೆಯುವ ಕಾಲಕ್ಕೆ ಬಹು ಹಿಂದೆಯೇ, ಗಾಳಿಗೆ ಒಡ್ಡುವ ಮೈಯನ್ನು ಕಿರಿದುಮಾಡಿದರೆ ಉಳಿದ ಮೈಯ ಬಲವು ಹಿರಿದಾಗುತ್ತದೆಂಬುದನ್ನು ಅವನು ತನ್ನ ಅನುಭವದಿಂದಲೇ ಕಂಡುಕೊಂಡಿದ್ದನು. 1901ರಲ್ಲಿ ಪ್ಯಾರಿಸ್ಸಿನಲ್ಲಿ ಅವನಿಗೂ ಗಟ್ಟಿಮುಟ್ಟಾದ ಫ್ರೆಂಚ್ ವೀರ ಎಡ್ಮಂಡ್ ಜಾಕೆಲಿನ್‌ಗೂ ನಡೆದ ದ್ವಂದ್ವಗಳಲ್ಲಿ ಮೊದಲನೆಯದನ್ನು ಜಾಕೆಲಿನ್ ಗೆದ್ದು, ಕೆಲವು ದಿನಗಳ ಅನಂತರ ನಡೆದ ಎರಡನೆಯದರಲ್ಲಿ ಟೇಲರ್ ಸೇಡು ತೀರಿಸಿಕೊಂಡನು. ಭಾನುವಾರ ದೇವರ ದಿನವೆಂದು ಅಂದು ಪಂದ್ಯಕ್ಕಿಳಿಯಲು ಒಪ್ಪದ ಈ ಧರ್ಮನಿಷ್ಠನು 1932ರಲ್ಲಿ ಷಿಕಾಗೋ ನಗರದಲ್ಲಿ ಕಡುಬಡತನದಲ್ಲಿ ತೀರಿಕೊಂಡನೆಂಬುದನ್ನು ನೆನೆದಾಗ ಹೃದಯ ಭಾರವಾಗುತ್ತದೆ. ಅವನ ಸಮಾಧಿಗೆ ತಕ್ಕ ಗೌರವ ದೊರೆಯಲು ಮತ್ತೆ ಹದಿನಾರು ವರ್ಷಗಳು ಬೇಕಾದುವು.

ಟೇಲರ್ ಬೆನ್ನು ಬಾಗಿಸಿದುದರ ಹಿಂದಿರುವ ನಿಸರ್ಗನಿಯಮವನ್ನು ಇಲ್ಲಿಯೇ ಸ್ವಲ್ಪ ವಿವರಿಸುವುದು ಯುಕ್ತ. ಮುಂದಿನ ಕಥೆಯೆಲ್ಲವೂ ಅದನ್ನೇ ಅವಲಂಬಿಸಿದೆ. ಸಮತಲದಲ್ಲಿ ವೇಗವಾಗಿ ಧಾವಿಸುವ ಸವಾರನಿಗೆ ಪರಮಶತ್ರು ಗಾಳಿ. ಗಾಳಿಯ ಪ್ರತಿರೋಧವು ವೇಗದ ವರ್ಗದಂತೆ ಏರುತ್ತದೆ. ಅದನ್ನು ಭೇದಿಸಲು ಕ್ಷಣಕ್ಷಣಕ್ಕೂ ವ್ಯಯಿಸಬೇಕಾದ ಸಾಮರ್ಥ್ಯವು ವೇಗದ ಘನದಂತೆ ಏರುತ್ತದೆ. ವೇಗವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಬೇಕಾದರೆ ಸಾಮರ್ಥ್ಯವನ್ನು ಮೂರರಲ್ಲೊಂದು ಪಾಲಿನಷ್ಟು ಹೆಚ್ಚಿಸಬೇಕು. ಇನ್ನು ದೇಹದ ಮಾತು. ಮಾಂಸಖಂಡವು ಉದ್ದ, ಅಗಲ, ದಪ್ಪವೆಂಬ ಮೂರು ಆಯಾಮಗಳಲ್ಲಿಯೂ ಬೆಳೆಯುತ್ತದೆ; ಗಾಳಿಗೆ ಎದುರಾಗುವ ಮೈಯಾದರೋ ಉದ್ದಗಲಗಳೆರಡರಿಂದಲೇ ಆದದ್ದು. ಒಂದೇ ಮೈಕಟ್ಟಿನ ಇಬ್ಬರಲ್ಲಿ ಒಬ್ಬನು 60 ಕಿಲೋ, ಮತ್ತೊಬ್ಬನು 90 ಕಿಲೋ ತೂಗುವರೆಂದು ಭಾವಿಸೋಣ. ಕ್ಷಣಿಕಶಕ್ತಿಯು ಮಾಂಸಖಂಡದ ತೂಕಕ್ಕೆ ಅನುಗುಣವಾಗಿರುವುದೆಂದೂ ಇಟ್ಟುಕೊಳ್ಳೋಣ. ಆಗ ದೊಡ್ಡವನ ಶಕ್ತಿಯು ಚಿಕ್ಕವನಿಗಿಂತ ನೂರಕ್ಕೆ ಐವತ್ತರಷ್ಟು ಹೆಚ್ಚು, ಅವನು ಗಾಳಿಗೆ ಒಡ್ಡುವ ಮೈ ನೂರಕ್ಕೆ ಮೂವತ್ತೊಂದರಷ್ಟು ಮಾತ್ರ ಹೆಚ್ಚು. ಘನಮೂಲದ ಗಣಿತದಲ್ಲಿ ಈ ಲಾಭವೆಲ್ಲ ಸವೆದುಹೋಗಿ ಕಡೆಗೆ ಅವನಿಗೆ ಉಳಿಯುವ ವೇಗದ ಮೇಲುಗೈ ನೂರಕ್ಕೆ ನಾಲ್ಕೂವರೆಯಷ್ಟು. ಆದರೆ ಇನ್ನೂರು ಮೀಟರಿನ ಕೊನೆಯಲ್ಲಿ ಅದು ಸುಮಾರು ಒಂಬತ್ತು ಮೀಟರಿನ ಅಂತರ. ಸೈಕಲ್ಲಿನ ಉದ್ದದಲ್ಲಿ ಹೇಳುವುದಾದರೆ ಐದು ಸೈಕಲ್ಲುಗಳು. ಟಯರಿನ ಅಂಚಿನಷ್ಟರಲ್ಲಿ ಗೆಲವು ಸೋಲು ತೀರ್ಮಾನವಾಗುವ ಆಟದಲ್ಲಿ ಇದು ಅಗಾಧವೇ ಸರಿ.

ಈ ಗಣಿತವೇ ಪೂರ್ಣಸತ್ಯವಾಗಿದ್ದಲ್ಲಿ ಚಿಕ್ಕವರು ಎಂದೂ ಗೆಲ್ಲಬಾರದಿತ್ತು. ಗೆದ್ದರು, ಗೆದ್ದುದಷ್ಟೇ ಅಲ್ಲ, ಯುಗವನ್ನೇ ಆಳಿದರು. 1920ರ ದಶಕದಲ್ಲಿ ಹಾಲೆಂಡಿನ ಪೀಟ್ ಮೂಸ್ಕೊಪ್ಸ್ ಎಂಬ ದೈತ್ಯದೇಹಿಯು ಐದು ಸಲ ವಿಶ್ವಪ್ರಶಸ್ತಿಯನ್ನು ಕೈವಶಮಾಡಿಕೊಂಡಾಗ ಸ್ಪ್ರಿಂಟ್ ಇನ್ನು ಭಾರಿ ಆಳುಗಳ ಸ್ವತ್ತೆಂದು ಅನೇಕರು ಭಾವಿಸಿದ್ದಿರಬೇಕು. ಹತ್ತು ವರ್ಷ ಕಳೆಯುವುದರೊಳಗೆ ಬೆಲ್ಜಿಯಮ್ಮಿನ ಜೆಫ್ ಶೆರೆನ್ಸ್ ಎಂಬ ಸಣ್ಣ ಆಳು 1932ರಿಂದ 1937ರವರೆಗೆ ಎಡೆಬಿಡದೆ ಆರು ಸಲ ಅದೇ ಪ್ರಶಸ್ತಿಯನ್ನು ಗೆದ್ದನು. ನಡುವೆ ಯುದ್ಧವು ಬಂದು ಪಂದ್ಯಗಳೇ ನಿಂತುಹೋಗಿ, 1947ರಲ್ಲಿ, ಹತ್ತು ವರ್ಷಗಳ ತರುವಾಯ, ಪ್ಯಾರಿಸ್ಸಿನಲ್ಲಿ ಏಳನೆಯ ಸಲವೂ ಗೆದ್ದನು. ಅಭಿಮಾನಿಗಳು ಅವನನ್ನು ಬೆಕ್ಕೆಂದು ಪ್ರೀತಿಯಿಂದ ಕರೆಯುತ್ತಿದ್ದುದು, ಕಡೆಯ ಕೆಲವು ಮೀಟರುಗಳಲ್ಲಿ ಎದುರಾಳಿಯ ಹಿಂಗಾಲಿಯ ಮರೆಯಿಂದ ಅವನು ಹಾರಿಬರುತ್ತಿದ್ದ ರೀತಿಗಾಗಿ.

ಶೆರೆನ್ಸನ ಆ ಹಾರಾಟದಲ್ಲಿ ಮೇಲಣ ಗಣಿತಕ್ಕೆ ಉತ್ತರವಿದೆ. ಸ್ಪ್ರಿಂಟ್ ಪಂದ್ಯವು ಗಡಿಯಾರದ ವಿರುದ್ಧ ನಡೆಯುವುದಲ್ಲ. ಎದುರಿಗಿರುವ ಒಬ್ಬ ಮನುಷ್ಯನ ವಿರುದ್ಧ ನಡೆಯುವುದು. ಮುಂದಿರುವವನು ಗಾಳಿಯನ್ನು ಸೀಳುತ್ತಾನೆ. ಹಿಂದೆ ಗಾಲಿಗೆ ಗಾಲಿ ತಾಗುವಷ್ಟು ಹತ್ತಿರ ಅಂಟಿಕೊಂಡವನು ಆ ಸೀಳಿದ ಗಾಳಿಯ ಆಶ್ರಯದಲ್ಲಿ ಶಕ್ತಿಯನ್ನು ಉಳಿಸಿಕೊಳ್ಳುತ್ತಾನೆ. ಇಲ್ಲಿಯೇ ದೇಹಪ್ರಮಾಣದ ವೈಚಿತ್ರ್ಯ: ಸಣ್ಣವನು ದೊಡ್ಡವನ ಹಿಂದೆ ನಿಂತರೆ ಅವನಿಗೆ ಸಿಗುವ ಮರೆ ವಿಶಾಲವಾದುದು; ದೊಡ್ಡವನು ಸಣ್ಣವನ ಹಿಂದೆ ನಿಂತರೆ ಅವನ ಹೆಗಲೂ ಬೆನ್ನೂ ಗಾಳಿಗೆ ಬಯಲಾಗಿಯೇ ಇರುತ್ತವೆ. ಈ ಕಾರಣದಿಂದ ಮುಂದೆ ಹೋಗಲು ಯಾರೂ ಒಪ್ಪುತ್ತಿರಲಿಲ್ಲ. ಸೈಕಲ್ಲನ್ನು ಟ್ರ್ಯಾಕಿನ ಇಳಿಜಾರಿನ ಮೇಲೆ ನಿಂತಲ್ಲೇ ನಿಲ್ಲಿಸಿಕೊಂಡು, ಕಾಲೂರದೆ, ಎದುರಾಳಿಯೇ ಮುಂದೆ ಹೋಗಲೆಂದು ಕಾಯುವ ಕಲೆಯೊಂದು ಬೆಳೆಯಿತು. 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಇಟಲಿಯ ಜೊವಾನ್ನಿ ಪೆಟ್ಟೆನೆಲ್ಲನೂ ಫ್ರಾನ್ಸಿನ ಪಿಯೆರ್ ತ್ರಾಂತಿನನೂ 21 ನಿಮಿಷ 57 ಸೆಕೆಂಡುಗಳ ಕಾಲ ಹಾಗೆ ನಿಶ್ಚಲವಾಗಿ ನಿಂತಿದ್ದರು. ಜಗತ್ತಿನ ಅತ್ಯಂತ ವೇಗದ ಸವಾರರು ಗೆಲುವಿಗಾಗಿ ಅಲುಗದೆ ನಿಂತರೆಂಬುದನ್ನು ಕೇಳಿದವರಿಗೆ ಆಶ್ಚರ್ಯವಾಗಬಹುದು. ಗಾಳಿಯ ಬೆಲೆಯನ್ನು ತಿಳಿದವರಿಗೆ ಆಗದು. ಮಿಲಾನಿನ ವಿಗೊರೆಲ್ಲಿ ವೆಲೊಡ್ರೋಮಿನ, ಎಂದರೆ ಸೈಕಲ್ ಪಂದ್ಯಾಂಗಣದ, ಆರಾಧ್ಯದೈವವಾಗಿದ್ದ ಆಂತೊನಿಯೊ ಮಾಸ್ಪೆಸ್ ಅದೇ ಯುಗದಲ್ಲಿ ಶೆರೆನ್ಸನಂತೆ ಏಳು ಸಲ ವಿಶ್ವವಿಜೇತನಾದನು. ಉಪಾಯ, ಧೈರ್ಯ, ಸಮತೋಲ, ಎದುರಾಳಿಯ ಮನಸ್ಸನ್ನು ಓದುವ ಸೂಕ್ಷ್ಮತೆ, ಇವು ತೂಕದ ತಕ್ಕಡಿಗೆ ಸಿಕ್ಕುವಂಥವಲ್ಲ. ಆ ಯುಗದ ಸ್ಪ್ರಿಂಟನ್ನು ನಾನು ಇಂದಿನದಕ್ಕಿಂತ ಹೆಚ್ಚು ಮೆಚ್ಚುವುದು ಇದಕ್ಕಾಗಿಯೇ.

ಸ್ಪ್ರಿಂಟಿನ ಮತ್ತೊಬ್ಬ ಅಧಿಪತಿ ಬಂದುದು ಜಪಾನಿನಿಂದ. ಅಲ್ಲಿ ಯುದ್ಧಾನಂತರ, 1948ರಲ್ಲಿ, ಕೊಕುರಾ ಪಟ್ಟಣದಲ್ಲಿ ಆರಂಭವಾದ ಕೈರಿನ್ ಎಂಬ ಗುಂಪು ಸ್ಪ್ರಿಂಟಿನ ಪಂದ್ಯವು ಜೂಜಿನ ಹಣದಿಂದ ಪೋಷಿತವಾಗಿ ದೊಡ್ಡ ವೃತ್ತಿಯಾಗಿ ಬೆಳೆಯಿತು. ಆ ವೃತ್ತಿಯಿಂದ ಬಂದ ಕೊಯಿಚಿ ನಕಾನೊ 1977ರಿಂದ 1986ರವರೆಗೆ ಸತತವಾಗಿ ಹತ್ತು ಸಲ ವೃತ್ತಿಪರರ ವಿಶ್ವ ಸ್ಪ್ರಿಂಟ್ ಪ್ರಶಸ್ತಿಯನ್ನು ಗೆದ್ದನು.

ಅಷ್ಟರಲ್ಲಿ ಗಾಳಿ ಬೇರೆ ದಿಕ್ಕಿಗೆ ತಿರುಗಿತ್ತು. ಸಿಮೆಂಟಿನ ಬಯಲು ಟ್ರ್ಯಾಕುಗಳ ಸ್ಥಾನದಲ್ಲಿ ಸೂರಿನಡಿಯ ನುಣುಪಾದ ಮರದ ಟ್ರ್ಯಾಕುಗಳು ಬಂದುವು. ನಿಂತಲ್ಲೇ ನಿಲ್ಲುವ ಕಲೆಗೆ ಕಡಿವಾಣ ಬಿದ್ದು ಇಂದು ಅದಕ್ಕೆ ಮೂವತ್ತು ಸೆಕೆಂಡುಗಳಷ್ಟೇ ಅವಕಾಶ. ಪಂದ್ಯದ ಜೋಡಿಗಳನ್ನು ಗೊತ್ತುಮಾಡಲು ಮೊದಲು ಪ್ರತಿಯೊಬ್ಬನೂ ಒಬ್ಬಂಟಿಯಾಗಿ ಇನ್ನೂರು ಮೀಟರನ್ನು ಗಡಿಯಾರದ ವಿರುದ್ಧ ಓಡಿಸಿ ತೋರಿಸಬೇಕಾಯಿತು. ಒಬ್ಬಂಟಿಯ ಓಟದಲ್ಲಿ ಯಾರ ಮರೆಯೂ ಇಲ್ಲ. ಅಲ್ಲಿ ಮೇಲೆ ಹೇಳಿದ ಗಣಿತವೇ ರಾಜ. ಸವಾರರು ಕಬ್ಬಿಣದ ಭಾರ ಎತ್ತಿ ತೊಡೆಗಳನ್ನು ಬೆಳೆಸಿಕೊಂಡು, ಹಿಂದಿನವರು ಕನಸಿನಲ್ಲಿಯೂ ತುಳಿಯಲಾಗದಂತಹ ಭಾರಿ ಗೇರುಗಳನ್ನು ತುಳಿಯತೊಡಗಿದರು. ಇದೇ ತೊಡೆಗಳು ಹಿಮದ ಮೇಲಣ ಸ್ಕೇಟಿಂಗಿಗೂ ಬೇಕಾದುವು. ಆದ್ದರಿಂದಲೇ ಪೂರ್ವ ಜರ್ಮನಿಯ ಕ್ರಿಸ್ಟಾ ರೋಥೆನ್‌ಬರ್ಗರ್ 1988ರ ಒಂದೇ ವರ್ಷದಲ್ಲಿ ಚಳಿಗಾಲದ ಒಲಿಂಪಿಕ್ಸಿನಲ್ಲಿ ಸ್ಕೇಟಿಂಗ್ ಸ್ವರ್ಣವನ್ನೂ ಬೇಸಿಗೆಯ ಒಲಿಂಪಿಕ್ಸಿನಲ್ಲಿ ಸೈಕಲ್ ಸ್ಪ್ರಿಂಟಿನ ರಜತವನ್ನೂ ಪಡೆಯಲು ಸಾಧ್ಯವಾಯಿತು. ಕೆನಡದ ಕರ್ಟ್ ಹಾರ್ನೆಟ್ 1995ರಲ್ಲಿ ಬೊಗೋಟದ ಎತ್ತರದ ತೆಳುಗಾಳಿಯಲ್ಲಿ ಇನ್ನೂರು ಮೀಟರನ್ನು 9.865 ಸೆಕೆಂಡುಗಳಲ್ಲಿ ದಾಟಿದನು. ಆ ದಾಖಲೆ ಹನ್ನೊಂದು ವರ್ಷ ನಿಂತಿತು.

ನಿಯಮವು ದೇಹವನ್ನು ಆಯ್ದುಕೊಳ್ಳುತ್ತದೆಂಬುದಕ್ಕೆ ಸ್ಕಾಟ್ಲೆಂಡಿನ ಕ್ರಿಸ್ ಹಾಯ್‌ನ ಜೀವನಕ್ಕಿಂತ ಉತ್ತಮವಾದ ಉದಾಹರಣೆ ನನಗೆ ತೋರುವುದಿಲ್ಲ. 185 ಸೆಂಟಿಮೀಟರು ಎತ್ತರ, ತೊಂಬತ್ತು ಕಿಲೋ ಮೀರಿದ ತೂಕದ ಆತನು ಮೂಲತಃ ಒಂದು ಕಿಲೋಮೀಟರಿನ ಒಂಟಿ ಓಟದ ಸವಾರ; 2004ರಲ್ಲಿ ಅಥೆನ್ಸಿನಲ್ಲಿ ಅದರಲ್ಲಿಯೇ ಸ್ವರ್ಣ ಗೆದ್ದವನು. ಆ ಪಂದ್ಯವನ್ನು ಅನಂತರ ಒಲಿಂಪಿಕ್ಸಿನಿಂದ ತೆಗೆದುಹಾಕಿ ಬಿಎಂಎಕ್ಸ್ ಎಂಬ ಪುಟ್ಟ ಸೈಕಲ್ಲುಗಳ ಪಂದ್ಯಕ್ಕೆ ಎಡೆಮಾಡಿಕೊಟ್ಟರು. ಜೀವಮಾನದ ಸಾಧನೆಯ ಕ್ಷೇತ್ರವೇ ಕಣ್ಣೆದುರಿಗೆ ಅಳಿಸಿಹೋದಾಗ ಹಾಯ್ ಎದೆಗುಂದದೆ ಸ್ಪ್ರಿಂಟಿಗೂ ಕೈರಿನ್‌ಗೂ ಇಳಿದು 2008ರಲ್ಲಿ ಬೀಜಿಂಗಿನಲ್ಲಿ ಮೂರು ಸ್ವರ್ಣಗಳನ್ನು ಗೆದ್ದನು. ಅವನ ಪಂದ್ಯವನ್ನು ನುಂಗಿದ ಅದೇ ಬಿಎಂಎಕ್ಸ್ ಆಟದಿಂದಲೇ ಮುಂದೆ ಹಾಲೆಂಡಿನ ಹ್ಯಾರಿ ಲಾವ್ರೆಸೆನ್ ಟ್ರ್ಯಾಕಿಗೆ ಬಂದು ಸ್ಪ್ರಿಂಟಿನ ಸಾರ್ವಭೌಮನಾದನು.

ರಸ್ತೆಯ ಪಂದ್ಯದ ಕಥೆಯೇ ಬೇರೆ. ಅಲ್ಲಿ ಕೊನೆಯ ಇನ್ನೂರು ಮೀಟರು ಬರುವುದು ಇನ್ನೂರು ಕಿಲೋಮೀಟರಿನ ತರುವಾಯ. ನಡುವೆ ಬಿಸಿಲು, ಮಳೆ, ದಿಣ್ಣೆ, ಕಣಿವೆ. ಏರುರಸ್ತೆಯಲ್ಲಿ ವೇಗ ಕುಗ್ಗುವುದರಿಂದ ಗಾಳಿಯ ಶತ್ರುತ್ವವು ತಣಿದು ಭೂಮಿಯ ಆಕರ್ಷಣೆಯು ಮುಂದೆ ಬರುತ್ತದೆ. ತಾನು ಹೊತ್ತ ಪ್ರತಿಯೊಂದು ಕಿಲೋವನ್ನೂ ಸವಾರನು ಬೆಟ್ಟಕ್ಕೆ ಎತ್ತಬೇಕು. ಅದೂ ಅಲ್ಲದೆ ದೀರ್ಘಶ್ರಮದಲ್ಲಿ ಬೇಕಾಗುವ ಪ್ರಾಣವಾಯುವನ್ನು ಹೀರುವ ಶಕ್ತಿಯು ದೇಹದ ತೂಕದಷ್ಟೇ ವೇಗವಾಗಿ ಬೆಳೆಯುವುದಿಲ್ಲ. ಆದಕಾರಣ ಬೆಟ್ಟದಲ್ಲಿ ದೊಡ್ಡವನು ಸಾಲಗಾರನಾಗುತ್ತಾನೆ. 189 ಸೆಂಟಿಮೀಟರು ಎತ್ತರದ ಇಟಲಿಯ ಸುಂದರಾಂಗ ಮಾರಿಯೊ ಚಿಪೊಲ್ಲಿನಿ ಟೂರ್ ದ ಫ್ರಾನ್ಸಿನ 12 ಹಂತಗಳನ್ನೂ ಇಟಲಿಯ ಜಿರೋ ಪಂದ್ಯದ 42 ಹಂತಗಳನ್ನೂ ಗೆದ್ದರೂ, ಫ್ರಾನ್ಸಿನ ಆ ಮಹಾಪಂದ್ಯವನ್ನು ಒಮ್ಮೆಯೂ ಕೊನೆಯವರೆಗೆ ಮುಗಿಸಲಿಲ್ಲ. ಅವನ ಗೆಲವುಗಳ ಹಿಂದೆ ಕೆಂಪು ಉಡುಪಿನ ಸಂಗಾತಿಗಳ ಒಂದು ಸಾಲೇ ಇರುತ್ತಿತ್ತು. ಒಬ್ಬರ ಹಿಂದೊಬ್ಬರು ಶಕ್ತಿಮೀರಿ ತುಳಿದು, ಅವನಿಗೆ ಗಾಳಿ ತಾಕದಂತೆ ಕಡೆಯ ಕೆಲವು ನೂರು ಮೀಟರುಗಳವರೆಗೆ ತಂದು ಬಿಡುತ್ತಿದ್ದರು. ಅಂತಹ ಬಿಡುಗಡೆಯ ಅನಂತರ ನೇರವಾದ, ಸಮತಟ್ಟಾದ ರಸ್ತೆಯಲ್ಲಿ ದೊಡ್ಡ ದೇಹವನ್ನು ಹಿಡಿಯುವವರಿರಲಿಲ್ಲ.

ಆದರೆ ಅದೇ ಕಾಲದಲ್ಲಿ 171 ಸೆಂಟಿಮೀಟರು ಎತ್ತರದ ಆಸ್ಟ್ರೇಲಿಯದ ರಾಬಿ ಮೆಕ್‌ಯೂವನ್ ಬಹುಮಟ್ಟಿಗೆ ತನಗಾಗಿ ಯಾವ ಸಾಲನ್ನೂ ಕಟ್ಟಿಕೊಳ್ಳದೆ, ಇತರರ ಸಾಲುಗಳಲ್ಲಿ ನುಸುಳಿ, ಅವರ ಬೆನ್ನಿನ ಮರೆಯನ್ನು ತನ್ನದಾಗಿಸಿಕೊಂಡು, ಚಿಪೊಲ್ಲಿನಿಯಷ್ಟೇ, ಅಂದರೆ ಟೂರಿನ 12 ಹಂತಗಳನ್ನು ಗೆದ್ದನು. ಮ್ಯಾನ್ ದ್ವೀಪದ ಮಾರ್ಕ್ ಕ್ಯಾವೆಂಡಿಷ್ ತರುಣನಾಗಿದ್ದಾಗ ಪ್ರಯೋಗಶಾಲೆಯ ಪರೀಕ್ಷೆಗಳಲ್ಲಿ ಪಡೆದ ಅಂಕಿಗಳು ತೀರ ಸಾಧಾರಣವಾಗಿದ್ದುವೆಂದು ಅವನೇ ಹೇಳಿಕೊಂಡಿದ್ದಾನೆ. ಆ ಅಂಕಿಗಳು ಅಳೆದುದು ಕಾಲಿನ ಶಕ್ತಿಯನ್ನು, ಅಳೆಯದೆ ಬಿಟ್ಟುದು ಅವನ ತಗ್ಗಿದ ಬೆನ್ನನ್ನೂ ಸರಕ್ಕನೆ ಎಗರುವ ಚುರುಕನ್ನೂ. ಕೇಲೆಬ್ ಯೂವನ್ ಈ ವಿದ್ಯೆಯನ್ನು ಅದರ ಮೇರೆಗೇ ಒಯ್ದನು: ಆಸನದಿಂದ ಎದ್ದು, ತಲೆಯನ್ನು ಮುಂಗಾಲಿಯ ಮೇಲೆ ಬಗ್ಗಿಸಿ, ಗಲ್ಲವು ಹ್ಯಾಂಡಲ್ಲಿಗೆ ತಾಕುವಷ್ಟು ಕೆಳಗಿಳಿದು ಧಾವಿಸುವ ಅವನ ಭಂಗಿಯು ಗಾಳಿಗೆ ಒಡ್ಡುವ ಮೈಯನ್ನು ಗಣನೀಯವಾಗಿ ಕುಗ್ಗಿಸಿತು. ಉದ್ದನೆಯ ಮುಂಡವೂ ತೋಳೂ ಉಳ್ಳವರಿಗೆ ಅಷ್ಟು ಮಡಚಿಕೊಂಡು ಪೂರ್ಣಬಲದಿಂದ ತುಳಿಯುವುದು ದುಸ್ಸಾಧ್ಯ. 2019ರ ಟೂರಿನಲ್ಲಿ ಅವನು ಪ್ಯಾರಿಸ್ಸಿನ ಕೊನೆಯ ಹಂತವೂ ಸೇರಿ ಮೂರು ಹಂತಗಳನ್ನು ಗೆದ್ದುದನ್ನು ನೋಡುವಾಗ ನೂರಿಪ್ಪತ್ತು ವರ್ಷಗಳ ಹಿಂದಣ ಮೇಜರ್ ಟೇಲರನ ಬಾಗಿದ ಬೆನ್ನು ನನ್ನ ಕಣ್ಣೆದುರಿಗೆ ಬಂದಿತು.

ಬೆಟ್ಟವು ಸಣ್ಣವನಿಗೆ ಸದಾ ದಯೆ ತೋರುತ್ತದೆಂದು ಇದರಿಂದ ತಿಳಿಯಬಾರದು. 2018ರ ಜುಲೈನಲ್ಲಿ, ಟೂರಿನ ಆಲ್ಬರ್ಟ್‌ವಿಲ್‌ನಿಂದ ಲಾ ರೋಸಿಯೇರ್ ಶಿಖರದವರೆಗಿನ ಹಂತದಲ್ಲಿ, ಗೊತ್ತಾದ ಕಾಲಮಿತಿಯೊಳಗೆ ತಲಪಲಾರದೆ ಕಿಟ್ಟೆಲ್ಲನೂ ಕ್ಯಾವೆಂಡಿಷ್ಷನೂ ಒಂದೇ ದಿನ ಪಂದ್ಯದಿಂದ ಹೊರಬಿದ್ದರು. ನಾಗಾಲೋಟಕ್ಕೆಂದು ರೂಪುಗೊಂಡ ಮಾಂಸಖಂಡವು, ಅದು ದೊಡ್ಡ ಮೈಯಲ್ಲಿರಲಿ ಚಿಕ್ಕ ಮೈಯಲ್ಲಿರಲಿ, ದೀರ್ಘಾರೋಹಣದಲ್ಲಿ ಸೋಲುತ್ತದೆ. ಕಿಟ್ಟೆಲ್ ಮರುವರ್ಷವೇ ನಿವೃತ್ತನಾದನು. ಕ್ಯಾವೆಂಡಿಷ್ ಅನಾರೋಗ್ಯವನ್ನೂ ಮನೋವ್ಯಥೆಯನ್ನೂ ದಾಟಿ ಮರಳಿ ಬಂದು, 2024ರ ಜುಲೈ 3ರಂದು, ತನ್ನ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಸೇಂಟ್ ವುಲ್ಬಾಸ್ ಎಂಬಲ್ಲಿ ಟೂರಿನ ತನ್ನ 35ನೆಯ ಹಂತವನ್ನು ಗೆದ್ದು ಬೆಲ್ಜಿಯಮ್ಮಿನ ಸವಾರ ಎಡ್ಡಿ ಮೆರ್ಕ್ಸ್‌ನ 34ರ ದಾಖಲೆಯನ್ನು ಮೀರಿದನು; ಅವನ ತೂಕ ಸುಮಾರು 70 ಕಿಲೋ. ಅದೇ ಬೇಸಿಗೆಯಲ್ಲಿ, ಅದೇ ದೇಶದಲ್ಲಿ, ಐದು ವಾರಗಳ ತರುವಾಯ, ಒಲಿಂಪಿಕ್ ವೆಲೊಡ್ರೋಮಿನ ಮರದ ಹಲಗೆಗಳ ಮೇಲೆ, ಅವನಿಗಿಂತ ಎಷ್ಟೋ ಭಾರವಾದ ಲಾವ್ರೆಸೆನ್ ಇನ್ನೂರು ಮೀಟರನ್ನು 9.088 ಸೆಕೆಂಡುಗಳಲ್ಲಿ, ಎಂದರೆ ಗಂಟೆಗೆ 79 ಕಿಲೋಮೀಟರು ಮೀರಿದ ವೇಗದಲ್ಲಿ, ದಾಟಿ ಹೊಸ ವಿಶ್ವದಾಖಲೆಯನ್ನು ಸ್ಥಾಪಿಸಿದನು.